ಮೇಲಿನ ಒಂದು ಗೇಣು ಮಣ್ಣು

ನಮ್ಮ ಸೋದರಮಾವನ ಪಕ್ಕದ ಎಲೆಯಲ್ಲಿ ಒಮ್ಮೆ ಊಟಕ್ಕೆ ಕೂತವರು ಇನ್ನೊಮ್ಮೆ ಆ ಧೈರ್ಯ ಮಾಡಿದ್ದು ನನಗಂತೂ ಗೊತ್ತಿಲ್ಲ! ಸಿರುಗುಪ್ಪದ ಒಂದು ಮದುವೆಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು, ಪಾಪ, ಅನ್ನ, ಸಾರು, ಪಲ್ಯ, ಮೊಸರು ಎಲ್ಲವನ್ನೂ ಒಟ್ಟಿಗೆ ಕಲಸತೊಡಗಿದರು. ಮಾವ ಅವರ ಮುಂಗೈ ಹಿಡಿದುಕೊಂಡುಬಿಟ್ಟ. ಮೇಲಿನದು ಕೆಳಗೆ ಹೋಯಿತು, ಇನ್ನು ಏನು ಮಾಡಿದರೂ ಅದು ಮೇಲೆ ಬರುವುದಿಲ್ಲ ಎಂದು ತೀರಾ ದುಃಖದಿಂದ ವಿವರಿಸಿದ. ಹಿರಿಯರು ಎದ್ದು ಬೇರೆ ಪಂಕ್ತಿಗೆ ಹೋದರು. ಭತ್ತ ಬೆಳೆಯುವ ಊರಿನಲ್ಲಿ ಅನ್ನ ಉಣ್ಣುವುದು ಹೇಗೆಂದು ಹೇಳಿಸಿಕೊಂಡ ಸಿಟ್ಟು ಅವರಿಗೆ ಇವತ್ತಿಗೂ ಇಳಿದಿಲ್ಲವಂತೆ.

ಇದನ್ನು ಹುಚ್ಚು ಎಂದುಕೊಳ್ಳಬೇಡಿ, ಇದು ಅವನ ಉದ್ಯೋಗ. ಗಣಿಯವರು ಅದಿರು ತೆಗೆದಾದ ಮೇಲೆ ಅಗೆದ ಜಾಗ ಮುಚ್ಚಿ ಮತ್ತೆ ಹಸಿರು ಬರಿಸಬೇಕಲ್ಲ? ಅದಕ್ಕೆ ಯಾವ ಮಣ್ಣು ಆದೀತು, ಯಾವುದು ಆಗದು ಎಂದು ಪರೀಕ್ಷಿಸಿ ಹೇಳುವುದು ಮಾವನ ಕೆಲಸ. ಅವನ ಪ್ರಕಾರ ನೆಲದ ಮೇಲಿನ ಒಂದು ಗೇಣು ಮಣ್ಣಿಗೆ ಮಾತ್ರ ಜೀವ. ಬೀಜ, ಬೇರು, ಹುಳು ಎಲ್ಲದರ ಸಂಸಾರವೂ ಅಲ್ಲೇ. ಅಗೆಯುವಾಗ ಅದನ್ನು ಬೇರೆ ಗುಡ್ಡೆ ಹಾಕಬೇಕು, ಮುಚ್ಚುವಾಗ ಎಲ್ಲಕ್ಕಿಂತ ಕೊನೆಗೆ ಹಾಕಬೇಕು. ಇಷ್ಟೇ ವೇದಾಂತ. ಆದರೆ ಜೆಸಿಬಿಯ ಮುಂದೆ ವೇದಾಂತ ಹೇಳಿ ಗೆದ್ದವರುಂಟೆ?

ಒಮ್ಮೆ ಒಂದು ಗಣಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಪರೀಕ್ಷೆಗೆ ಸಾಹೇಬರು ಬರುತ್ತಾರೆಂದು ಮುಚ್ಚಿದ ಜಾಗದ ತುಂಬ ಬೇವಿನ ಸಸಿಗಳು ಸಾಲಾಗಿ ನಿಂತಿದ್ದವು. ಮ್ಯಾನೇಜರ್ ಬಹಳ ಹೆಮ್ಮೆಯಿಂದ ಕೈ ಬೀಸಿ ತೋರಿಸಿದರು. ಮಾವ ಬಗ್ಗಿ ಒಂದು ಸಸಿಯನ್ನು ಮೆಲ್ಲಗೆ ಎತ್ತಿದ. ನರ್ಸರಿಯ ಪ್ಲಾಸ್ಟಿಕ್ ಚೀಲದ ಸಮೇತ ಬಂತು!

"ನಿನ್ನೆ ನೆಟ್ಟೀವ್ರಿ, ಇನ್ನಾ ಅಂಗಿ ಬಿಚ್ಚಿಲ್ಲ," ಎಂದರು ಮ್ಯಾನೇಜರ್, ಒಂಚೂರೂ ನಾಚದೆ.

ಒಳ್ಳೆಯ ಮಣ್ಣು ಎಲ್ಲಿ ಎಂದು ಕೇಳಿದರೆ, ಹತ್ತಿರದಲ್ಲಿತ್ತು ಅಂತ ಅದನ್ನೇ ಮೊದಲು ಹೊಂಡಕ್ಕೆ ತುಂಬಿದ್ದಾಗಿ ಹೇಳಿದರು. ಅವತ್ತೇ ಬಳ್ಳಾರಿಗೆ ವಾಪಸು ಬಂದೆವು. ಕಂಟೋನ್ಮೆಂಟಿನ ನಮ್ಮ ಮನೆಯ ಮುಂದೆ ನನ್ನನ್ನು ಇಳಿಸುವಾಗ ಮಾವ ಒಂದು ಮಾತು ಹೇಳಿದ.

"ನಾ ಸಾಯೂದ್ರಾಗ ಒಬ್ರರ ಇದನ್ನ ನಂಬಬೇಕಲೇ. ಒಬ್ರಾದ್ರ ಸಾಕು."

ಆ ಒಬ್ಬರು ನಮ್ಮ ಅತ್ತೆಯಂತೂ ಆಗುವ ಹಾಗಿರಲಿಲ್ಲ! ಮಾವನ ಮಣ್ಣಿನ ಜೊತೆ ಆಕೆಗೆ ಸವತಿಯ ಮತ್ಸರ. ಮಾಳಿಗೆಯ ಮೇಲೆ ಆಕೆ ಸಂಡಿಗೆ ಒಣಹಾಕಿದರೆ ಮಾವ ಅದನ್ನು ನೆರಳಿಗೆ ಸರಿಸಿ, ಬಿಸಿಲಲ್ಲಿ ಪರೀಕ್ಷೆಗೆ ತಂದ ಗಣಿಯ ಮಣ್ಣು ಹರಡುತ್ತಿದ್ದ. ಅತ್ತೆಯ ಸಂಡಿಗೆ ಬೂಸ್ಟು ಹಿಡಿಯುತ್ತಿತ್ತು, ಮಾವನ ಮಣ್ಣು ಗರಿಗರಿಯಾಗುತ್ತಿತ್ತು. ಅವನು ಒಂದು ಗೇಣಿನ ಪುರಾಣ ತೆಗೆದರೆ ಸಾಕು, ಅತ್ತೆ ಪಾತ್ರೆಗಳಿಂದ ಜೋರಾಗಿ ಸದ್ದು ಮಾಡುತ್ತ ಒಳಗೆ ಹೋಗುತ್ತಿದ್ದಳು.

"ಮಣ್ಣಿಗೆ ಮ್ಯಾಲೇನು, ಕೆಳಗೇನು? ಎಲ್ಲಾ ಮಣ್ಣ ಅಲ್ಲೇನ್ರಿ?" ಇದು ಆಕೆಯ ಕೊನೆಯ ತೀರ್ಪು. ಮೇಲ್ಮನವಿಗೆ ಅವಕಾಶವಿಲ್ಲ. ಮದುವೆಯಾದಾಗಿನಿಂದ ಈ ಮೊಕದ್ದಮೆಯಲ್ಲಿ ಮಾವ ಸೋಲುತ್ತಲೇ ಬಂದಿದ್ದ.

ಹೋದ ಬೇಸಿಗೆಯಲ್ಲಿ, ಗಣಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತ ಕೂತಿದ್ದ ಮಾವ, ಹಾಗೆಯೇ ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ.

ನಮ್ಮಲ್ಲಿ ಹೂಳುವುದು ಪದ್ಧತಿ. ಕುರುಗೋಡಿನ ಅವರ ಹೊಲದಲ್ಲೇ ಗುಂಡಿ ತೆಗೆಸಿದ್ದರು. ನೆಲ ಕಾದು ಗಟ್ಟಿಯಾಗಿದ್ದರಿಂದ ಕೊನೆಗೆ ಜೆಸಿಬಿಯೇ ಬರಬೇಕಾಯಿತು. ಜೀವನವಿಡೀ ಯಾವುದರ ಜೊತೆ ಜಗಳ ಮಾಡಿದನೋ ಅದೇ! ಹತ್ತಿರ ಹೋಗಿ ನೋಡಿದರೆ ಮಣ್ಣು ಎರಡು ಗುಡ್ಡೆಯಾಗಿ ಬಿದ್ದಿತ್ತು. ಆ ಕಡೆ ದೊಡ್ಡದು, ಆಳದ ಬಿಳಿ ಗರಸು ಮಣ್ಣು. ಈ ಕಡೆ ಚಿಕ್ಕದು, ಕರಿ ಎರೆಮಣ್ಣು. ಡ್ರೈವರನನ್ನು ಕೇಳಿದರೆ, ಅವ್ವಾರು ಬೆಳಿಗ್ಗೆಯೇ ಬಂದು ನಿಂತು ಹೀಗೆ ತೆಗೆಸಿದರು ಎಂದ. ಯಾವ ಅವ್ವಾರು ಎಂದು ನನಗೆ ಹೊಳೆಯಲಿಲ್ಲ.

ಪೂಜೆ ಮುಗಿಯಿತು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುವ ಹೊತ್ತು. ಕರಿ ಗುಡ್ಡೆ ಹತ್ತಿರವಿತ್ತು, ಎಲ್ಲರೂ ಅದಕ್ಕೇ ಕೈ ಹಾಕಿದೆವು. ನಮ್ಮಲ್ಲಿ ಹೆಂಗಸರು ಗುಂಡಿಯ ಹತ್ತಿರ ಬರುವುದು ಕಡಿಮೆ. ಅತ್ತೆ ಗುಂಪು ಸರಿಸಿಕೊಂಡು ಬಂದು ಅಡ್ಡ ನಿಂತಳು.

"ಅದು ಬ್ಯಾಡ. ಮೊದ್ಲ ಬಿಳೀದು ಹಾಕ್ರಿ. ಕರೀದು ಕಡೀಕ. ಅದಕ್ಕ ಜೀವ ಐತಿ."

ಇಲ್ಲೂ ಅದೇನಾ ಎಂದು ಯಾರೋ ಹಿಂದೆ ಗೊಣಗಿದರು. ನಾನು ಹಿಡಿಯಲ್ಲಿದ್ದ ಕರಿ ಮಣ್ಣನ್ನು ಅದರ ಗುಡ್ಡೆಗೇ ವಾಪಸು ಹಾಕಿ, ಬಿಳಿ ಮಣ್ಣು ತೆಗೆದುಕೊಂಡೆ. ಮಾವಾ, ಆ ಒಬ್ಬರು ಮನೆಯಲ್ಲೇ ಇದ್ದರಲ್ಲೋ ಎಂದು ಕೂಗಿ ಹೇಳಬೇಕೆನಿಸಿತು. ಅಳು ತಡೆಯಲಾಗಲಿಲ್ಲ.

ಕೊನೆಯ ಮಣ್ಣನ್ನು ಅತ್ತೆ ಯಾರಿಗೂ ಬಿಡಲಿಲ್ಲ. ಬೊಗಸೆ ಬೊಗಸೆಯಾಗಿ ತಾನೇ ಹರಡಿದಳು. ಆಮೇಲೆ ಮಂಡಿಯೂರಿ ಕೂತು, ಬೆರಳು ಅಗಲಿಸಿ, ಆ ಕರಿ ಮಣ್ಣಿನ ಅಂಚಿಗೆ ಕೈ ಹಿಡಿದು ದಪ್ಪ ಅಳೆದಳು.

"ಒಂದ್ ಗೇಣು ಆಗೇತಿ ನೋಡ್ರಿ," ಎಂದಳು, ಮಾವನಿಗೆ.