ಎಡಗೆನ್ನೆಯ ಹಾಜರಿ

ಔರಾದ ತಾಲೂಕಿನ ಬಾವಿ ಎಣಿಕೆ ಉಪಕಚೇರಿಯ ಸಮಸ್ತ ಸಿಬ್ಬಂದಿಯ ಎಡಗೆನ್ನೆಯು ಬಲಗೆನ್ನೆಗಿಂತ ದೊಡ್ಡದಾಗಿರತಕ್ಕದ್ದು. ಇದು ಸರಕಾರಿ ದಾಖಲೆಯಲ್ಲಿರುವ ಸಂಗತಿ, ಈ ಬಗ್ಗೆ ಯಾರದೂ ತಕರಾರಿಲ್ಲ. ಇದರ ಕೀರ್ತಿಯಲ್ಲಿ ದೊಡ್ಡ ಪಾಲು ನನ್ನದು. ನನ್ನ ಹೆಸರು ಸುಶೀಲಕುಮಾರ, ಹುದ್ದೆ ದ್ವಿತೀಯ ದರ್ಜೆ ಸಹಾಯಕ. ಹಿಂದೊಮ್ಮೆ ಸಾಹೇಬರ ಮೊಬೈಲಿನ ರಿಂಗ್‌ಟೋನ್ ಬದಲಿಸಿಕೊಟ್ಟಿದ್ದರಿಂದ ಕಚೇರಿಯ ಡಿಜಿಟಲ್ ವ್ಯವಹಾರಕ್ಕೆಲ್ಲ ನನ್ನನ್ನೇ ನೋಡಲ್ ಅಧಿಕಾರಿ ಮಾಡಿದ್ದರು. ನಾನೂ ಒಂದು ಕೋಟು ಹೊಲಿಸಿದ್ದೆ.

ಸಹಿ ಹಾಕುವ ಹಾಜರಿ ಹೋಗಿ ಮೊಬೈಲಿಗೆ ಮುಖ ತೋರಿಸುವ ಹಾಜರಿ ಬಂದಾಗ, ನಮ್ಮ ಮುಖಗಳನ್ನು ದಾಖಲಿಸಿಕೊಳ್ಳಲು ಬೀದರಿನಿಂದ ಒಬ್ಬ ತಂತ್ರಜ್ಞ ಬಂದ. ಅವನು ಬಂದದ್ದು ನಮ್ಮ ಕಚೇರಿಯ ಮುಖ್ಯಸ್ಥರಾದ ಜುಲ್ಫೀಕಾರ ಸಾಹೇಬರ ಬೀಳ್ಕೊಡುಗೆಯ ದಿನ. ಬಿರಿಯಾನಿ ಮುಗಿದಿತ್ತು. ಸಾಹೇಬರು ಬಸ್‌ಸ್ಟ್ಯಾಂಡಿನ ನಬೀಸಾಬನ ಅಂಗಡಿಯಿಂದ ತರಿಸಿದ ಪಾನನ್ನು ತಮ್ಮ ಕೈಯಾರೆ ಒಬ್ಬೊಬ್ಬರ ಬಾಯಿಗೂ ಇಟ್ಟರು. ಎದುರಿಗೆ ನಿಂತವರ ಬಲಗೈ ತಳ್ಳಿದ ಪಾನು ನಮ್ಮ ಎಡಗೆನ್ನೆಗೇ ಹೋಗಿ ಕೂರುತ್ತದೆ. ಹಿರಿಯರು ಕೈಯಾರೆ ಇಟ್ಟ ಪಾನನ್ನು ಅವರು ಗೇಟು ದಾಟುವ ತನಕ ಉಗುಳುವುದು ನಮ್ಮ ಕಡೆ ಮರ್ಯಾದೆಯಲ್ಲ. ಸಾಹೇಬರು ಗೇಟು ದಾಟುವ ಲಕ್ಷಣ ಕಾಣಲಿಲ್ಲ, ಅವರ ಭಾಷಣವಿನ್ನೂ ಅವರ ಬಾಲ್ಯದಲ್ಲೇ ಇತ್ತು. ತಂತ್ರಜ್ಞನಿಗೆ ಬೀದರಿನ ಬಸ್ಸು ಹಿಡಿಯುವ ಅವಸರ. ಆಗ ನೋಡಲ್ ಅಧಿಕಾರಿಯಾಗಿ ನಾನು ಎಲ್ಲರನ್ನೂ ಗೋಡೆಗೆ ನಿಲ್ಲಿಸಿ, "ಬಾಯಿ ಮುಚ್ಚಿ ನಿಂದರ್ರಿ, ಮುಖ ಚೊಲೊ ಬರ್ತದ" ಎಂದು ತಾಂತ್ರಿಕ ಮಾರ್ಗದರ್ಶನ ನೀಡಿದೆ. ಮುಖಗಳು ನಿಜಕ್ಕೂ ಚೆನ್ನಾಗಿಯೇ ಬಂದವು. ಸಾಹೇಬರಿಗೆ ನನ್ನ ಮೇಲೆ ಪ್ರೀತಿ ಹೆಚ್ಚಾದ್ದರಿಂದ ನನ್ನ ಬಾಯಲ್ಲಿ ಎರಡು ಪಾನು ಇದ್ದವು.

ಮರುದಿನ ಎಲ್ಲರೂ ಕಚೇರಿಗೆ ಬಂದೆವು, ಎಲ್ಲರೂ ಗೈರುಹಾಜರಾದೆವು. "ಮುಖ ಹೊಂದುತ್ತಿಲ್ಲ, ಸಂಬಂಧಪಟ್ಟ ವ್ಯಕ್ತಿಯನ್ನು ಕರೆತನ್ನಿ" ಎಂದು ಆಪ್ ಹೇಳುತ್ತಿತ್ತು. ಹಲ್ಲುನೋವಿನಿಂದ ಎಡಗೆನ್ನೆ ಊದಿಸಿಕೊಂಡು ಬಂದಿದ್ದ ಕೈಲಾಶ ಒಬ್ಬನಿಗೆ ಮಾತ್ರ ಹಾಜರಿ ಬಿತ್ತು. ಕಾರಣ ಆಗ ಹೊಳೆಯಿತು. ಹೊಸ ಮುಖ ದಾಖಲಿಸೋಣವೆಂದರೆ ಮೊದಲು ಹಳೆಯ ಮುಖ ತೋರಿಸಿ ಒಳಗೆ ಹೋಗಬೇಕು. ಹಳೆಯ ಮುಖ ಇದ್ದವನಿಗೆ ಹೊಸ ಮುಖದ ಅಗತ್ಯವೇನೆಂದು ಆಪ್ ಕೇಳುತ್ತದೆ. ಮೇಲಿನ ಕಚೇರಿಗೆ ಬರೆದೆವು. ಉತ್ತರ ಸ್ಪಷ್ಟವಾಗಿತ್ತು: "ಪರಿಶೀಲಿಸಲಾಗಿ, ದಾಖಲೆಯಲ್ಲಿರುವ ಮುಖಗಳು ಸರಿಯಾಗಿವೆ. ವ್ಯತ್ಯಾಸವು ಸಿಬ್ಬಂದಿಯಲ್ಲಿ ಕಂಡುಬಂದಿದ್ದು, ಸಿಬ್ಬಂದಿಯನ್ನು ದಾಖಲೆಗೆ ತಕ್ಕಂತೆ ಸರಿಪಡಿಸಿಕೊಳ್ಳತಕ್ಕದ್ದು."

ಹೊಸದಾಗಿ ಬಂದ ಮಚ್ಛೇಂದ್ರ ಸಾಹೇಬರು ಶಿಸ್ತಿನ ಮನುಷ್ಯ. ಅಂದೇ ಸುತ್ತೋಲೆ ಹೊರಡಿಸಿದರು. ಕಚೇರಿ ವೇಳೆಯಲ್ಲಿ ಆಪ್ ಯಾವ ಕ್ಷಣದಲ್ಲಾದರೂ ಮುಖ ಕೇಳಬಹುದಾದ್ದರಿಂದ ಎಡಗೆನ್ನೆಯನ್ನು ಸದಾ ಸನ್ನದ್ಧವಾಗಿಟ್ಟುಕೊಳ್ಳತಕ್ಕದ್ದು. ಖಾಲಿ ಕೆನ್ನೆಯಿಂದ ಕುಳಿತವರನ್ನು ಹೊರಗಿನವರೆಂದು ಭಾವಿಸಲಾಗುವುದು. ನಬೀಸಾಬ ತನ್ನ ಅಂಗಡಿಯನ್ನು ಕಚೇರಿಯ ಪಡಸಾಲೆಗೇ ತಂದ. ಜಾಗ ಕೊಡಿಸಿದ ನೋಡಲ್ ಅಧಿಕಾರಿಗೆ ಪಾನು ಪುಕ್ಕಟೆ. ಬಾಯಿ ತುಂಬಿದ್ದರಿಂದ ನಾವು ಜನರೊಡನೆ ಮಾತಾಡುವುದು ನಿಂತಿತು. ಬಾವಿಯ ದಾಖಲೆ ಕೇಳಿಕೊಂಡು ಸಂತಪುರದಿಂದ ಬರುವ ದತ್ತಾತ್ರಿಗೆ ಮೊದಲು "ನಾಳೆ ಬಾ" ಎನ್ನುತ್ತಿದ್ದೆವು, ಈಗ ಬರೀ ತಲೆಯಾಡಿಸಿದರೆ ಸಾಕು. ಸೇವೆ ತ್ವರಿತವಾಗಿದೆಯೆಂದು ಅವನೇ ಅಭಿಪ್ರಾಯ ಬರೆದುಕೊಟ್ಟ.

ಎಲ್ಲ ಸುಸೂತ್ರವಾಗಿತ್ತು, ನನ್ನ ಸಂಸಾರವೊಂದನ್ನು ಬಿಟ್ಟು. ನನ್ನ ಹೆಂಡತಿ ಆಮ್ರಪಾಲಿ ಭಾಲ್ಕಿಯಲ್ಲಿ ಸಾಲಿ ಟೀಚರು. ಈಗಷ್ಟೇ ಮಾತು ಕಲಿಯುತ್ತಿದ್ದ ಮಗಳು ಕರುಣಾ ಅವಳ ಜೊತೆಗಿದ್ದಳು. ಗಂಡಹೆಂಡಿರು ಒಂದೇ ಊರಲ್ಲಿರಲೆಂದು ನಾನು ಭಾಲ್ಕಿಗೆ ವರ್ಗಾವಣೆ ಕೇಳಿದ್ದೆ. ಅದಕ್ಕೆ ಮೂರು ತಿಂಗಳ ಅಖಂಡ ಹಾಜರಿ ಬೇಕು. ಆಪಿಗೆ ಭಾನುವಾರ ಎಂಬುದು ಗೊತ್ತಿಲ್ಲ, ಹೀಗಾಗಿ ಭಾನುವಾರವೂ ಔರಾದಿನಲ್ಲೇ ಇದ್ದು ಮುಖ ತೋರಿಸಬೇಕು. ಅದನ್ನಾದರೂ ಸಹಿಸಬಹುದಿತ್ತು. ಒಂದು ದಿನ ವೀಡಿಯೊ ಕಾಲಿನಲ್ಲಿ ನನ್ನ ಕೆನ್ನೆ ನೋಡಿ ಆಮ್ರಪಾಲಿ ಫೋನನ್ನು ಹತ್ತಿರ ಹಿಡಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಪಾನಿನ ಕ್ಯಾನ್ಸರಿಗೆ ನಮ್ಮಪ್ಪನ ಬಾಯಿ ಕೊಯ್ದದ್ದು ಕಣ್ಣಾರೆ ನೋಡೀನ್ರಿ. ಇನ್ನೊಮ್ಮೆ ನೋಡಂಗಿಲ್ಲ. ಪಾನ ಬಿಟ್ಟು ಬರ್ರಿ, ಇಲ್ಲಾಂದ್ರ ಈ ಮನಿಗೆ ಬರಬ್ಯಾಡ್ರಿ."

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಪಾನು ಬಿಟ್ಟರೆ ಭಾಲ್ಕಿಗೆ ಹೋಗುವ ಆದೇಶವಿಲ್ಲ, ಬಿಡದಿದ್ದರೆ ಭಾಲ್ಕಿಯಲ್ಲಿ ಮನೆಯಿಲ್ಲ. ಕೆನ್ನೆಯಲ್ಲಿ ಪಾನಿನ ಬದಲು ಪೇರಲಕಾಯಿ ಇಟ್ಟು ನೋಡಿದೆ, ಆಪ್ ನನ್ನನ್ನು ಕೈಲಾಶ ಎಂದಿತು. ಬೇಯಿಸಿದ ಬಟಾಟೆ ಇಟ್ಟೆ, ಮಧ್ಯಾಹ್ನದೊಳಗೆ ನನಗೆ ಗೊತ್ತಿಲ್ಲದೆ ನುಂಗಿಬಿಟ್ಟೆ. ಕೊನೆಗೆ ಹಳೆಯ ಬನಿಯನ್ ಹರಿದು, ಎರಡು ಪಾನಿನಷ್ಟು ದಪ್ಪನೆಯ ಉಂಡೆ ಕಟ್ಟಿ ಕೆನ್ನೆಯೊಳಗೆ ಇಟ್ಟೆ. "ಸ್ವಾಗತ, ಸುಶೀಲಕುಮಾರ" ಎಂದಿತು ಆಪ್. ಸರಕಾರ ನನ್ನನ್ನು ಅಷ್ಟು ಪ್ರೀತಿಯಿಂದ ಹಿಂದೆಂದೂ ಕರೆದಿರಲಿಲ್ಲ, ಕಣ್ಣಲ್ಲಿ ನೀರೇ ಬಂತು. ಉಂಡೆಯನ್ನು ಹೊರತೆಗೆದು ಫೋನಿನಲ್ಲಿ ಹೆಂಡತಿಗೂ ತೋರಿಸಿದೆ. ಅವಳು ದಿನಾ ಒಗೀರಿ ಎಂದಷ್ಟೇ ಹೇಳಿದಳು.

ಅಂದಿನಿಂದ ಉಂಡೆ ಬಾಯಲ್ಲೇ. ಮಗಳೊಡನೆ ದಿನಾ ಊಟದ ಬಿಡುವಿನಲ್ಲಿ ವೀಡಿಯೊ ಕಾಲು. ಆಪ್ ಯಾವಾಗ ಮುಖ ಕೇಳುತ್ತದೋ ಎಂಬ ಭಯಕ್ಕೆ ಆಗಲೂ ತೆಗೆಯುತ್ತಿರಲಿಲ್ಲ. ಅವಳು "ಪಪ್ಪಾ" ಎನ್ನುವಳು, ನಾನು "ಹ್ಞೂಂ" ಎನ್ನುವೆ. ಸಂಭಾಷಣೆ ಸಮಾಧಾನಕರವಾಗಿತ್ತು.

ಮೂರು ತಿಂಗಳು ತುಂಬಿ ವರ್ಗಾವಣೆಯ ಆದೇಶ ಬಂತು. ಸದರಿ ನೌಕರನು ತನ್ನ ದಾಖಲಿತ ಮುಖದೊಂದಿಗೆ ಭಾಲ್ಕಿಯಲ್ಲಿ ಹಾಜರಾಗತಕ್ಕದ್ದೆಂದು ಅದರಲ್ಲಿತ್ತು. ಭಾಲ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಉಂಡೆಯನ್ನು ಜೇಬಿಗೆ ಹಾಕಿ, ನಳದ ಕೆಳಗೆ ಬಾಯಿ ಮುಕ್ಕಳಿಸಿ, ಅವ್ವ ಹೆತ್ತ ಮುಖ ಹೊತ್ತುಕೊಂಡು ಮನೆಗೆ ನಡೆದೆ. ಆಮ್ರಪಾಲಿ ಬಾಗಿಲಲ್ಲೇ ನನ್ನ ಬಾಯಿ ತೆರೆಸಿ ನೋಡಿ ಒಳಗೆ ಬಿಟ್ಟಳು. ಕರುಣಾ ಮಾತ್ರ ಅವಳ ಸೆರಗಿನ ಹಿಂದೆ ಸರಿದಳು.

"ನಾನಽ, ಪಪ್ಪಾ" ಎಂದೆ.

"ನೀ ಅಲ್ಲ" ಎಂದು ಅವಳು ಅಳಲು ಶುರುಮಾಡಿದಳು. ಓಡಿಹೋಗಿ ಅವ್ವನ ಮೊಬೈಲು ತಂದು, ಪಪ್ಪಾ ಅದರೊಳಗಿದ್ದಾನೆ ಎಂಬಂತೆ ನನಗೇ ತೋರಿಸಿದಳು.

ಆಮ್ರಪಾಲಿ ಒಮ್ಮೆ ಮಗಳನ್ನು ನೋಡಿದಳು, ಒಮ್ಮೆ ನನ್ನನ್ನು.

"ಅದನ್ನ ಇಟ್ಕೊಳ್ರಿ" ಎಂದಳು.

ಇಟ್ಟುಕೊಂಡೆ. ಅಳು ನಿಂತಿತು. ಮಗಳು ಹತ್ತಿರ ಬಂದು ನನ್ನ ಎಡಗೆನ್ನೆಯನ್ನು ಒತ್ತಿ ನೋಡಿ "ಪಪ್ಪಾ" ಎಂದಳು. ನಾನು "ಹ್ಞೂಂ" ಎಂದೆ.

ಈಗ ಯಾವ ತೊಂದರೆಯೂ ಇಲ್ಲ. ಆಮ್ರಪಾಲಿ ತನ್ನ ಹಳೆಯ ಸೀರೆಯಲ್ಲಿ ಮೆತ್ತನೆಯ ಎರಡು ಉಂಡೆ ಹೊಲಿದುಕೊಟ್ಟಿದ್ದಾಳೆ. ಒಂದು ಸರಕಾರಕ್ಕೆ, ಒಂದು ಮನೆಗೆ. ಒಗೆದು ಹಗ್ಗಕ್ಕೆ ಹಾಕುವ ಕೆಲಸ ನನ್ನದು.