ಖಂಡೇನವಮಿಯಂದು ಮುರಿದ ಸ್ಟಡ್

ಮಾಡಿದ ಕೆಲಸವನ್ನು ಇನ್ನೊಮ್ಮೆ ಪರೀಕ್ಷಿಸುವವರನ್ನು ಲೋಕ ಜಾಗರೂಕರೆನ್ನುತ್ತದೆ. ಮೂರನೆಯ ಸಲವೂ ಪರೀಕ್ಷಿಸುವವರನ್ನು ಏನೆನ್ನುತ್ತಾರೆಂಬುದು ನನ್ನ ಹೆಂಡತಿ ಸುಮಿತ್ರಾಳಿಗೆ ಗೊತ್ತು. ಆದರೆ ಆಕೆ ಅದನ್ನು ಶುದ್ಧ ಮರಾಠಿಯಲ್ಲಿ ಹೇಳುವುದರಿಂದ ಇಲ್ಲಿ ಬರೆಯುವಂತಿಲ್ಲ. ಮಿರಜದ ಶಾಲೆಯೊಂದರಲ್ಲಿ ಬಹುಕಾಲ ಕನ್ನಡ ವ್ಯಾಕರಣ ಕಲಿಸಿದವನು ನಾನು. ಶಾಲೆ ಬಿಟ್ಟ ಮೇಲೆ ತಿದ್ದಲು ಮಕ್ಕಳು ಸಿಗದೆ, ಮನೆಯ ನಲ್ಲಿ, ಕದದ ಅಗುಳಿ, ಕಾರಿನ ನಟ್ಟುಗಳತ್ತ ಗಮನ ಹರಿಸಿದ್ದೇನೆ.

ನಮ್ಮಲ್ಲಿ ಖಂಡೇನವಮಿಯಂದು ಮನೆಯ ಆಯುಧಗಳೆಲ್ಲ ದೇವರ ಮುಂದೆ ಕೂರುತ್ತವೆ. ಮರುದಿನ ಪೂಜೆಯಾಗುವವರೆಗೆ ಅವನ್ನು ಮುಟ್ಟುವಂತಿಲ್ಲ. ನಮ್ಮದು ಕೊಡಲಿ, ಕುಡುಗೋಲುಗಳಿಲ್ಲದ ಮನೆಯಾದ್ದರಿಂದ ಆ ಗೌರವ ನಟ್ಟು ತಿರುಗಿಸುವ ಪಾನಾ, ಸುತ್ತಿಗೆ, ಜಾಕುಗಳಿಗೆ ಸಲ್ಲುತ್ತದೆ. ಇಡೀ ದಿನ ಪಾನಾ ಕೈಗೆ ಸಿಗದೆಂಬ ಮುಂದಾಲೋಚನೆಯಿಂದ, ತೊಳೆದು ನಿಲ್ಲಿಸಿದ ಕಾರಿನ ಗಾಲಿಗಳ ನಟ್ಟುಗಳನ್ನು ಕೊನೆಯದಾಗಿ ಬಿಗಿಗೊಳಿಸಲು ಹೊರಟೆ. ಕೈಯ ಬಲ ಸಾಲದೆಂದು ಪಾನಾದ ಮೇಲೆ ನಿಂತೆ. ನಿಂತದ್ದು ಸಾಲದೆಂದು ಕುಪ್ಪಳಿಸಿದೆ. ಟಕ್ಕೆಂದು ಸದ್ದಾಗಿ, ನಟ್ಟನ್ನು ಹಿಡಿದಿಡುವ ಸ್ಟಡ್ಡೆಂಬ ಕಬ್ಬಿಣದ ಕಡ್ಡಿಯು ಅರ್ಧಕ್ಕೆ ಮುರಿದು, ನಟ್ಟಿನ ಸಮೇತ ನನ್ನ ಪಾದದ ಬಳಿ ಬಿತ್ತು. ಅಷ್ಟರಲ್ಲಿ ಸುಮಿತ್ರಾ ಬಂದು, ಪೂಜೆಗೆ ಹೊತ್ತಾಯಿತೆಂದು ಪಾನಾವನ್ನು ಒಯ್ದು ಕುಂಕುಮ ಏರಿಸಿಬಿಟ್ಟಳು.

ಮರುದಿನ ಸಲಗರೆಯಲ್ಲಿ ಆಕೆಯ ಅಕ್ಕನ ಮಗಳು ಶೋಭಾಳ ಸಾಕರಪುಡಾ, ಎಂದರೆ ನಿಶ್ಚಿತಾರ್ಥ. ಹುಡುಗಿ ಉಡಬೇಕಾದ ಸೀರೆಯನ್ನು ಸಾಂಗ್ಲಿಯಲ್ಲಿ ಕೊಂಡು, ಕುಪ್ಪಸ ಹೊಲಿಸಿ, ನಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದೆವು. ಅದು ತಲಪುವವರೆಗೆ ಹುಡುಗಿ ಒಳಗೇ ಕೂರಬೇಕು, ಬೀಗರು ಹೊರಗೇ ಕೂರಬೇಕು. ಓಡಿಹೋಗಿ ಬಿಡಿಭಾಗಗಳ ಅಂಗಡಿಯಿಂದ ಹೊಸ ಸ್ಟಡ್ ತಂದೆ. ಮೆಕ್ಯಾನಿಕ್ ಮಾತ್ರ ತನ್ನ ಪಾನಾಗಳಿಗೆ ಚೆಂಡುಹೂ ಏರಿಸುತ್ತ ಕೂತಿದ್ದ. ಅವು ಏಳುವುದು ನಾಳೆ ಮಧ್ಯಾಹ್ನಕ್ಕೇ ಎಂದ. ಎಸ್ಟಿ ಬಸ್ಸಿಗೆ ಹೋಗೋಣವೆಂದು ಸುಮಿತ್ರಾ ಸೂಚಿಸಿದಳು. ಕೆಡಿಸಿದವನೇ ತಿದ್ದಬೇಕೆಂಬುದು ನನ್ನ ಹಳೆಯ ಕಟ್ಟಳೆ ಎಂದೆ.

ದಸರೆಯ ಬೆಳಗಿನ ಜಾವವೇ ಆಕೆ ದೇವರಿಗೆ ಮೊಸರನ್ನದ ನೈವೇದ್ಯ ತೋರಿಸಿ, ಪೂಜೆ ಮುಗಿಸಿ, ಪಾನಾ ತಂದು ಕೈಗಿತ್ತಳು.

"ತಗೋರಿ, ದೇವರು ಪರವಾನಗಿ ಕೊಟ್ಟಾನ. ಕುಂಕುಮ ಮಾತ್ರ ಒರಸಬ್ಯಾಡ್ರಿ."

"ಜಾರತೈತಲ್ಲ."

"ಜಾರಲಿ. ನಿನ್ನಿ ಜಾರಿದ್ರ ಸ್ಟಡ್ ಮುರೀತಿದ್ದಿಲ್ಲ."

ಕಾರನ್ನು ಜಾಕಿನ ಮೇಲೆತ್ತಿ, ಗಾಲಿ ಬಿಚ್ಚಿ, ಬ್ರೇಕಿನ ಭಾಗಗಳನ್ನು ತೆಗೆದು ಕ್ರಮವಾಗಿ ಹಳೆಯ ಪತ್ರಿಕೆಯ ಮೇಲೆ ಜೋಡಿಸಿದೆ. ಮುರಿದ ತುಂಡನ್ನು ಸುತ್ತಿಗೆಯಿಂದ ಮುಂದಿನಿಂದ ಬಡಿದು ಹಿಂದಕ್ಕೆ ಬೀಳಿಸಿದೆ. ಹೊಸದನ್ನು ಹಿಂದಿನಿಂದ ತೂರಿಸಿ, ಮುಂದೆ ನಾಲ್ಕಾರು ವಾಷರ್ ಪೇರಿಸಿ, ನಟ್ಟು ತಿರುಗಿಸುತ್ತ ತಿರುಗಿಸುತ್ತ ಒಳಗೆಳೆದು ಕೂರಿಸಿದೆ. ಗಾಲಿ ಮರಳಿ ಏರಿತು, ಕಾರು ನೆಲಕ್ಕಿಳಿಯಿತು. ನಟ್ಟುಗಳ ಕಡೆಯ ಬಿಗಿ ಉಳಿದಿತ್ತು. ನನ್ನ ಬಲಗಾಲು ತಾನಾಗಿಯೇ ಪಾನಾದತ್ತ ಏಳತೊಡಗಿತು.

"ಕಾಲು," ಎಂದಳು ಸುಮಿತ್ರಾ ಅಡುಗೆಮನೆಯ ಕಿಟಕಿಯಿಂದ.

ಇಳಿಸಿದೆ.

ಕೈ ತೊಳೆದುಕೊಂಡೆ, ಪೂರ್ತಿ ತೊಳೆಯಲಿಲ್ಲ. ವ್ಯಾಕರಣದ ಮಾಸ್ತರನೊಬ್ಬ ಕಬ್ಬಿಣವನ್ನು ಗೆದ್ದದ್ದಕ್ಕೆ ನಾಲ್ಕು ಜನರೆದುರು ಸಾಕ್ಷಿ ಬೇಡವೇ? ಬೆರಳ ಸಂದುಗಳಲ್ಲಿ ಗ್ರೀಸನ್ನೂ ಕುಂಕುಮವನ್ನೂ ಒಂದಿಷ್ಟು ಉಳಿಸಿಕೊಂಡೆ. ದಾರಿಯಲ್ಲಿ ಬೇಡಗದ ಬಳಿ ಇಳಿದು ನಟ್ಟುಗಳನ್ನು ಪರೀಕ್ಷಿಸಿದೆ. ಪಾನಾ ಹೆಂಡತಿಯ ಮಡಿಲಲ್ಲಿತ್ತು. ಕೇಳಿದಾಗ ಕೊಟ್ಟು, ಕೂಡಲೇ ಹಿಂದಕ್ಕೆ ಪಡೆದಳು.

ಬೀಗರು ಚಹಾ ಮುಗಿಸುವ ಮೊದಲೇ ಸಲಗರೆ ಮುಟ್ಟಿದೆವು. ಯಾರಾದರೂ "ಕೈಗೇನಾತ್ರಿ?" ಎಂದು ಕೇಳಲಿ, ಸ್ಟಡ್ಡಿನ ವೃತ್ತಾಂತ ಮೊದಲಿನಿಂದ ಹೇಳೋಣವೆಂದು ಸೀರೆಯ ಗಂಟಿಗೆ ಕೈ ಚಾಚಿದೆ.

"ಕೈ ಹಿಂದ ಕಟ್ಟಿಕೋರಿ," ಎಂದಳು ಸುಮಿತ್ರಾ. "ಸೀರಿ ನಾ ಕೊಡತೇನಿ."

ಹಿಂದೆ ಕಟ್ಟಿದ ಕೈ ಊಟದವರೆಗೂ ಮುಂದೆ ಬರಲಿಲ್ಲ. ಗ್ರೀಸು ಯಾರಿಗೂ ಕಾಣಲಿಲ್ಲ, ಸ್ಟಡ್ಡಿನ ಮಾತನ್ನು ಯಾರೂ ಎತ್ತಲಿಲ್ಲ. ಶೋಭಾ ಮಾತ್ರ ಎರಡು ದಿನಗಳ ಮೇಲೆ ಫೋನು ಮಾಡಿ, "ಕಾಕಾ, ಅವರು ನಿಮಗ ಭಾಳ ಅಂಜ್ಯಾರ," ಎಂದು ವರನನ್ನು ನೆನೆದು ನಕ್ಕಳು. ಅವಳು ಕಳಿಸಿದ ಫೋಟೋ ನೋಡಿದರೆ, ಗೋಡೆಗೆ ಬೆನ್ನು ಕೊಟ್ಟು, ಪರೀಕ್ಷೆಯ ಕೋಣೆಯಲ್ಲಿ ಕಾವಲು ನಿಂತಂತೆಯೇ ನಿಂತಿದ್ದೇನೆ. ನನ್ನನ್ನು ನೋಡಿ ವರನೂ ಕೈಗಳನ್ನು ಹಿಂದೆ ಕಟ್ಟಿ ನೆಟ್ಟಗೆ ನಿಂತಿದ್ದಾನೆ. ಉಂಗುರಕ್ಕೆ ಬೆರಳು ಕೊಡೆಂದು ಅವನಿಗೆ ಎರಡು ಸಲ ಹೇಳಬೇಕಾಯಿತಂತೆ. ಹುಡುಗಿಯ ಕಾಕಾ ಮಾಸ್ತರನಾಗಿದ್ದವನೆಂದು ಅವನಿಗೆ ಯಾರೂ ತಿಳಿಸಿರಲಿಲ್ಲ. ತಿಳಿಸುವ ಅಗತ್ಯವೂ ಬಿದ್ದಂತೆ ಕಾಣಲಿಲ್ಲ.