ದೊರೆಯ ಒಂದು ಬಟ್ಟಲು ಊಟ

ಒಂದಾನೊಂದು ಕಾಲದಲ್ಲಿ ಏಳು ಕೆರೆಯಾಚೆಯ ಕೋಟೆಯಲ್ಲಿ ಒಬ್ಬ ರಾಜಕುಮಾರಿ ಇದ್ದಳಂತೆ. ಅವಳನ್ನು ಮದುವೆಯಾಗಬೇಕೆಂದವನು ಹುಲಿಯ ಹಾಲು ಕರೆದು ತರಬೇಕಿತ್ತಂತೆ, ಸರ್ಪದ ಹೆಡೆಯ ಮಣಿ ಕಿತ್ತು ತರಬೇಕಿತ್ತಂತೆ. ಗೆದ್ದವನಿಗೆ ಅರ್ಧ ರಾಜ್ಯ, ಸೋತವನ ತಲೆ ಕೋಟೆ ಬಾಗಿಲಿಗೆ. ಆ ಕಾಲ ಹೋಯಿತು. ಹುಲಿಗಳೆಲ್ಲ ಅರಣ್ಯ ಇಲಾಖೆಯ ಸುಪರ್ದಿಗೆ ಹೋದವು. ಈಗ ಚನ್ನರಾಯಪಟ್ಟಣದಲ್ಲಿ ಕರೆಂಟಿನ ಮೀಟರ್ ಓದುವ ಧರ್ಮೇಂದ್ರನ ಪಾಲಿಗೆ ಬಂದ ಪಂದ್ಯ ಇಷ್ಟೇ: ಹದಿಮೂರು ವರ್ಷದ ಮುದಿ ನಾಯಿಗೆ ಸಂಜೆಯೊಳಗೆ ಒಂದು ಬಟ್ಟಲು ಒಣ ತಿಂಡಿ ತಿನ್ನಿಸುವುದು.

ಮೀಟರ್ ಓದುವವನಿಗೂ ನಾಯಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಊರಿನ ನಾಯಿಗಳೆಲ್ಲ ಧರ್ಮೇಂದ್ರನ ಪ್ಯಾಂಟಿನ ವಾಸನೆಯನ್ನು ಬಾಯಿಪಾಠ ಮಾಡಿಕೊಂಡಿದ್ದವು. ಅವನನ್ನು ಕಂಡು ಬೊಗಳದ ನಾಯಿ ಒಂದೇ, ಪ್ರತಿಭಾ ಮೇಡಂ ಮನೆಯ ದೊರೆ. ಅದಕ್ಕೂ ಕಾರಣ ಪ್ರೀತಿಯಲ್ಲ, ವಯಸ್ಸು.

ಪ್ರತಿಭಾ ಬಾಗೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಧರ್ಮೇಂದ್ರ ತಿಂಗಳಿಗೊಮ್ಮೆ ಅವಳ ಮನೆಯ ಮೀಟರ್ ಓದುತ್ತಿದ್ದ. ಮಾರನೆಯ ದಿನ "ನಂಬರ್ ಸರಿಯಾಗಿ ಕಾಣ್ಲಿಲ್ಲ ಮೇಡಂ" ಎಂದು ಇನ್ನೊಮ್ಮೆ ಓದುತ್ತಿದ್ದ. ಆ ಮೀಟರಿನ ಮೂಲೆಯ ಜೇಡಕ್ಕೂ ಅವನ ಗುರುತು ಹತ್ತಿತ್ತು. ಮೇಡಂ ಮನಸ್ಸಿನ ರೀಡಿಂಗ್ ಮಾತ್ರ ಮೂರು ವರ್ಷದಿಂದ ತೆಗೆಯಲಾಗಿರಲಿಲ್ಲ.

ಹಾಗಿರುವಾಗ ಆ ಬೆಳಿಗ್ಗೆ ಅವಳೇ ಅವನನ್ನು ಕರೆದು ಮನೆಯ ಬೀಗದ ಕೈ, ತಿಂಡಿಯ ಪ್ಯಾಕೆಟ್ಟು, ಒಂದು ಸ್ಟೀಲ್ ಬಟ್ಟಲು ಕೈಗಿಟ್ಟಳು.

"ಹಾಸನದ ಆಫೀಸಲ್ಲಿ ಕೆಲಸ ಇದೆ ಧರ್ಮೇಂದ್ರ, ಬರೋದು ಸಂಜೆ ಆಗತ್ತೆ. ಡಾಕ್ಟರು ಅನ್ನ ಸಾರು ನಿಲ್ಲಿಸಿ ಇದನ್ನೇ ಕೊಡಿ ಅಂದಿದಾರೆ. ಒಂದು ಬಟ್ಟಲು ಪೂರ್ತಿ ಹೋಗ್ಬೇಕು. ಅಪ್ಪ ಹೋದ್ಮೇಲೆ ಇವನು ನನ್ನ ಬಿಟ್ಟು ಯಾರ ಕೈಲೂ ತಿಂದಿಲ್ಲ. ಆಗತ್ತಾ ನಿಮಗೆ?"

"ಮಾತು ಕೊಡ್ತೀನಿ ಮೇಡಂ. ನೀವು ಬರೋ ಒತ್ಗೆ ಬಟ್ಲು ಖಾಲಿ."

"ಸ್ವಲ್ಪ ಮೆತ್ತಗೆ ಮಾಡಿ ಕೊಡಿ" ಎಂದವಳೇ ಬಸ್ಸಿಗೆ ಓಡಿದಳು.

ಮೆತ್ತಗೆ ಮಾಡುವುದು ಹೇಗೆ? ಕೇಳಿದರೆ ದಡ್ಡ ಎಂದುಕೊಂಡಾಳೆಂದು ಧರ್ಮೇಂದ್ರ ಕೇಳಲಿಲ್ಲ. ಅನರ್ಥ ಶುರುವಾದದ್ದು ಅಲ್ಲಿಂದಲೇ.

ಮೊದಲು ತಿಂಡಿಯ ಒಂದು ಕಾಳನ್ನು ಹಾಗೇ ಕೊಟ್ಟು ನೋಡಿದ. ದೊರೆ ಅದನ್ನು ಬಾಯಿಯ ಈ ದವಡೆಯಿಂದ ಆ ದವಡೆಗೆ ಹೊರಳಿಸಿತು. ಬಾಯಲ್ಲಿ ಉಳಿದಿದ್ದದ್ದು ಮೂರೇ ಹಲ್ಲು, ಅವೂ ಒಂದಕ್ಕೊಂದು ಎದುರಾಗುವಂತಿರಲಿಲ್ಲ. ಕೊನೆಗೆ ಕಾಳನ್ನು ಧರ್ಮೇಂದ್ರನ ಚಪ್ಪಲಿಯ ಮೇಲೆ ಮರ್ಯಾದೆಯಿಂದ ಇಳಿಸಿ ಮುಖ ತಿರುಗಿಸಿತು.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಮುದ್ದಮ್ಮನ ತಲೆ ಎದ್ದಿತು. "ಏನ್ಲಾ ಧರ್ಮ, ಕಲ್ಲು ತಿನ್ನುಸ್ತಿದ್ದೀಯ ಅದ್ಕೆ?"

"ಕಲ್ಲಲ್ಲ ಕಣಕ್ಕ, ತಿಂಡಿ. ಮೆತ್ಗೆ ಮಾಡ್ಬೇಕಂತೆ."

"ಅಷ್ಟೇ ತಾನೆ? ವಳ್ಳಿಗಾಕಿ ಕುಟ್ಟು."

ಒರಳಿಗೆ ಹಾಕಿ ಕುಟ್ಟಿದರೆ ಕಾಳುಗಳು ಸ್ಕೂಲು ಬಿಟ್ಟ ಮಕ್ಕಳಂತೆ ನಾಲ್ಕು ದಿಕ್ಕಿಗೂ ಹಾರಿದವು. ಹಾರಿದ್ದನ್ನೆಲ್ಲ ಮುದ್ದಮ್ಮನ ಕೋಳಿಗಳು ಆರಿಸಿಕೊಂಡವು. "ನೋಡ್ಲಾ, ಎಂಗ್ ತಿಂತವೆ! ತಿಂಡಿ ಚೆನ್ನಾಗೇ ಐತೆ" ಎಂದು ಅವಳು ಸಮಾಧಾನ ಹೇಳಿದಳು. "ಒಂದ್ ಕೆಲ್ಸ ಮಾಡು. ಮಿಲ್ಲಿಗೋಗಿ ಇಟ್ಟು ಬೀಸಿಸ್ಕಂಡು ಬಾ."

ಧರ್ಮೇಂದ್ರ ಅರ್ಧ ಬಟ್ಟಲಿನಷ್ಟು ಕಾಳನ್ನು ಡಬ್ಬಿಗೆ ಹಾಕಿಕೊಂಡು ಬಸವರಾಜುವಿನ ಹಿಟ್ಟಿನ ಮಿಲ್ಲಿಗೆ ಹೋದ. ಅಲ್ಲಿ ಹತ್ತು ಹೆಂಗಸರು ಡಬ್ಬಿಗಳನ್ನು ಸಾಲಿಟ್ಟು ಕೂತಿದ್ದರು. ಇವನ ಸರದಿ ಬರುವ ಹೊತ್ತಿಗೆ ಮಧ್ಯಾಹ್ನವಾದೀತು.

"ಏನ್ಲಾ ಅದು?" ಎಂದ ಬಸವರಾಜು, ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ.

"ನಾಯಿ ತಿಂಡಿ ಕಣಣ್ಣ. ಪಾಪ, ಮುದಿ ನಾಯಿ."

ಆಗ ಒಂದು ಪವಾಡ ನಡೆಯಿತು. ಸಾಲಿನ ಮೊದಲಿದ್ದ ಗೋದಮ್ಮನವರು ತಮ್ಮ ಅಕ್ಕಿಯ ಡಬ್ಬಿಯನ್ನು ಹಿಂದಕ್ಕೆ ಸರಿಸಿದರು. "ನಂದೇನು ಅವಸರ ಇಲ್ಲಪ್ಪ. ಮೂಕಪ್ರಾಣಿ ಹಸಿದಿರತ್ತೆ, ಮೊದಲು ಅದರದ್ದು ಹಾಕು." ಉಳಿದ ಹೆಂಗಸರೂ "ಊಂ ಊಂ, ಅವುನ್ದೇ ಮೊದ್ಲು ಆಕ್ಬುಡಪ್ಪ" ಎಂದು ಒಕ್ಕೊರಲಿನಲ್ಲಿ ಕೂಗಿದರು. ಲೋಕದಲ್ಲಿ ಇನ್ನೂ ದಯೆ ಉಳಿದಿದೆಯೆಂದು ಧರ್ಮೇಂದ್ರನ ಕಣ್ಣಲ್ಲಿ ನೀರಾಡಿತು. ಮಿಲ್ಲಿನೊಳಗೆ ಕಾಲಿಟ್ಟಾಗ ಆ ನೀರು ಇನ್ನಷ್ಟು ಹೆಚ್ಚಿತು. ಅದನ್ನೂ ಅವನು ದಯೆಯ ಲೆಕ್ಕಕ್ಕೇ ಹಾಕಿಕೊಂಡ.

ಮನೆಗೆ ಬಂದು ಹಿಟ್ಟನ್ನು ಬಟ್ಟಲಿಗೆ ಸುರಿದು ದೊರೆಯ ಮುಂದಿಟ್ಟ. ದೊರೆ ಒಮ್ಮೆ ಮೂಸಿತು. ಆಮೇಲೆ ಒಂದು ಸೀನು ಸೀನಿತು. ಬಟ್ಟಲು ಒಂದು ಕಡೆ, ಹಿಟ್ಟು ಇನ್ನೊಂದು ಕಡೆ. ಆರು ತಿಂಗಳಿಂದ ಮೆಟ್ಟಿಲು ಇಳಿಯಲೂ ಯೋಚಿಸುತ್ತಿದ್ದ ನಾಯಿ ಗೇಟು ದಾಟಿ ಬೀದಿಯಲ್ಲಿ ಮಾಯವಾಯಿತು.

ಮುದ್ದಮ್ಮ ಹಿಟ್ಟನ್ನು ಬೆರಳಿಗೆ ತಾಗಿಸಿ ಮೂಸಿ ತಾನೂ ಸೀನಿದಳು. "ಅಯ್ಯೋ ಬೆಪ್ಪೆ! ಮೆಣಸಿನ್ಕಾಯಿ ಬೀಸಿದ್ಮೇಲೆ ನಿಂದು ಆಕವ್ನೆ. ಖಾರ ಬೀಸಿದ ಮಿಲ್ಲಿಗೆ ಯಾವ್ ಎಂಗ್ಸು ತನ್ನಿಟ್ಟು ಮೊದ್ಲು ಬುಡ್ತಾಳ್ಲಾ? ನಿನ್ ತಿಂಡೀಲಿ ಮಿಲ್ಲು ತೊಳ್ಕಂಡವ್ರೆ!" ಅಷ್ಟರಲ್ಲಿ ಅವಳ ಕಣ್ಣು ಪ್ಯಾಕೆಟ್ಟಿನ ಮೇಲೆ ಬಿತ್ತು. "ಇದ್ಯಾಕ್ಲಾ ಇಲ್ಲಿ ಕೋಳಿ ಚಿತ್ರ?"

"ಕೋಳಿ ಮಾಂಸ ಸೇರ್ಸಿರ್ತಾರಂತೆ."

"ನಿನ್ ತಿಂಡಿ ಇಂದೆ ಯಾರ್ದು ಬಿತ್ತು?"

"ಗೋದಮ್ಮೋರ ಅಕ್ಕಿ."

ಮುದ್ದಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು. "ಸನಿವಾರದ ತಂಬಿಟ್ಟಿನಾರತಿಗೆ ಬೀಸಿಸಿದ್ ಅಕ್ಕಿ ಕಣ್ಲಾ ಅದು! ಓಡ್ಲಾ!"

ಧರ್ಮೇಂದ್ರ ಪ್ಯಾಕೆಟ್ಟು, ಬಟ್ಟಲು ಎತ್ತಿಕೊಂಡು ಓಡಿದ. ಬೀದಿ ಬೀದಿ ಹುಡುಕಿದ. ಉಳಿದ ನಾಯಿಗಳು ಹಳೆಯ ಹಗೆ ಮರೆಯದೆ ಅವನ ಹಿಂದೆ ಓಡಿ ಬಂದವು. ಕಡೆಗೆ ದೊರೆ ಸಿಕ್ಕಿದ್ದು ಬಸ್ ಸ್ಟ್ಯಾಂಡಿನಲ್ಲಿ. ಹಾಸನದ ಬಸ್ಸು ನಿಲ್ಲುವ ಕಡೆ, ಕಂಬಕ್ಕೆ ಒರಗಿ ಕೂತಿತ್ತು.

ಒಂದು ಬಸ್ಸು ಬಂತು. ದೊರೆಯ ಕಿವಿ ಎದ್ದವು. ಇಳಿಯುವವರ ಕಾಲುಗಳನ್ನೇ ಒಂದೊಂದಾಗಿ ನೋಡಿತು. ಕೊನೆಯ ಕಾಲೂ ದಾಟಿ ಹೋದಮೇಲೆ ಕಿವಿ ಮತ್ತೆ ಬಿದ್ದವು. ಇನ್ನೊಂದು ಬಸ್ಸು ಬಂತು. ಮತ್ತೆ ಅದೇ. ಬೈಯಬೇಕೆಂದು ಬಂದ ಧರ್ಮೇಂದ್ರ ಅದರ ಪಕ್ಕದಲ್ಲಿ ನೆಲದ ಮೇಲೇ ಕೂತ. ಮೂರನೆಯ ಬಸ್ಸು ಬಂದಾಗ ತನ್ನ ಕುತ್ತಿಗೆಯೂ ಬಾಗಿಲ ಕಡೆ ಉದ್ದವಾಗಿದ್ದು ಅವನಿಗೇ ತಿಳಿಯಿತು.

"ನೀನಾದ್ರೂ ಬಾಲ ಅಲ್ಲಾಡಿಸ್ಬೌದು ಕಣಪ್ಪ. ನಾನೇನ್ ಅಲ್ಲಾಡಿಸ್ಲಿ?" ಎಂದ. ದೊರೆ ಸ್ವಲ್ಪ ಇತ್ತ ಸರಿದು ಅವನ ತೊಡೆಗೆ ಒರಗಿತು.

"ಏನಯ್ಯಾ ಧರ್ಮೇಂದ್ರ!"

ಎದುರಿಗೆ ಗೋದಮ್ಮನವರು. ಕಂಕುಳಲ್ಲಿ ಹಿಟ್ಟಿನ ಡಬ್ಬಿ. "ಮುದ್ದಮ್ಮ ಎಲ್ಲಾ ಹೇಳಿದ್ಲು. ದೇವರ ಹಿಟ್ಟಿಗೆ ಕೋಳಿ ಬೆರೆಸಿದ್ಯಲ್ಲೋ ಪುಣ್ಯಾತ್ಮ!"

"ನೀವೇ ಮೊದ್ಲು ಆಕು ಅಂದ್ರಿ ಗೋದಮ್ಮೋರೆ" ಎಂದ ಧರ್ಮೇಂದ್ರ, ಅಳುವ ದನಿಯಲ್ಲಿ.

ಅಷ್ಟರಲ್ಲಿ ದೊರೆ ನೆಲಕ್ಕೆ ಬಿದ್ದಿದ್ದ ಒಂದು ಒಣ ಕಾಳನ್ನು ಬಾಯಿಗೆ ಹಾಕಿಕೊಂಡು ಹೊರಳಿಸಿ ಹೊರಳಿಸಿ ಉಗುಳಿತು.

"ಅಯ್ಯೋ, ಹಲ್ಲೇ ಇಲ್ಲವಲ್ಲೋ ಇದಕ್ಕೆ! ನಮ್ಮತ್ತೆ ಥರವೇ" ಎಂದರು ಅವರು, ಡಬ್ಬಿ ಕೆಳಗಿಟ್ಟು. "ಚಕ್ಕುಲಿ ಅಂದ್ರೆ ಪ್ರಾಣ ನಮ್ಮತ್ತೆಗೆ. ಹಲ್ಲು ಹೋದ್ಮೇಲೆ ಕುಟ್ಟಿದ್ವಾ, ಬೀಸಿದ್ವಾ? ಬೆಚ್ಚಗಿನ ನೀರಲ್ಲಿ ಕಾಲು ಗಂಟೆ ನೆನೆಸಿ ಕೊಡ್ತಿದ್ವಿ. ಹೋಗು, ಹೋಟ್ಲಲ್ಲಿ ನೀರು ಇಸ್ಕೊಂಡು ಬಾ. ಕುದಿಯೋದಲ್ಲ, ಉಗುರು ಬೆಚ್ಚಗಿರ್ಲಿ."

ಅರ್ಧ ಬಟ್ಟಲು ಕಾಳು ನೀರು ಕುಡಿದು ಉಬ್ಬಿತು. ಗೋದಮ್ಮನವರು ದೂರದಿಂದಲೇ ಅಪ್ಪಣೆ ಕೊಡಿಸಿದರು: "ಕೈಯಲ್ಲಿ ಕಿವುಚು. ಗಂಟು ಉಳೀಬಾರ್ದು. ನೆಲದ ಮೇಲೆ ಇಡಬೇಡ, ವಯಸ್ಸಾದ ಕತ್ತು, ಎತ್ತಿ ಹಿಡಿ." ಧರ್ಮೇಂದ್ರ ಬಟ್ಟಲನ್ನು ಮೊಣಕಾಲ ಮೇಲಿಟ್ಟು ಒಂದು ತುತ್ತು ಅಂಗೈಯಲ್ಲಿ ನೀಡಿದ. ದೊರೆ ಅಂಗೈಯನ್ನು ಮೂಸಿತು. ಅವನ ಮುಖ ನೋಡಿತು. ಇನ್ನೊಮ್ಮೆ ಬಸ್ಸಿನ ಕಡೆ ನೋಡಿತು. ನಿಟ್ಟುಸಿರು ಬಿಟ್ಟು, ತಿಂದಿತು.

ಹುಲಿಯ ಹಾಲು ತಂದವನಿಗೂ ಇಷ್ಟು ಸಂತೋಷವಾಗಿರಲಿಕ್ಕಿಲ್ಲ. ಧರ್ಮೇಂದ್ರ ಎಡಗೈಯಲ್ಲೇ ಫೋಟೊ ತೆಗೆದು ಮೇಡಂಗೆ ಕಳಿಸಿದ. ಕೂಡಲೇ ಉತ್ತರ ಬಂತು: "ನಿಜವಾಗ್ಲೂ? ನಿಮ್ಮ ಕೈಯಿಂದಾನಾ?" ಅವನು ಮೂರು ಸಲ ಅಳಿಸಿ ಬರೆದ: "ಹೌದು ಮೇಡಂ. ನಾನಿದೀನಿ. ಇನ್ಮೇಲೆ ನೀವು ನಿಶ್ಚಿಂತೆಯಿಂದ ಇರಿ."

ಅತ್ತಲಿಂದ ಎಷ್ಟು ಹೊತ್ತಾದರೂ ಮಾತಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ಗೋದಮ್ಮನವರೇ ವ್ಯಾಖ್ಯಾನ ಮಾಡಿದರು. ಹಿಟ್ಟಿನ ಮಾತು ಮರೆತೇ ಹೋಯಿತು.

ಸಂಜೆ ಪ್ರತಿಭಾ ಗೇಟು ತೆಗೆದಾಗ ಧರ್ಮೇಂದ್ರ ತಲೆ ಬಾಚಿ, ಅಂಗಿ ಬದಲಿಸಿ ಜಗಲಿಯ ಮೇಲಿದ್ದ. ಕಾಂಪೌಂಡಿನ ಮೇಲೆ ಮುದ್ದಮ್ಮ. ಪ್ರತಿಭಾ ನೆಟ್ಟಗೆ ಬಂದು ದೊರೆಯ ಕುತ್ತಿಗೆ ತಬ್ಬಿಕೊಂಡಳು. ತಲೆಯೆತ್ತಿದಾಗ ಅವಳ ಕಣ್ಣು ಒದ್ದೆಯಾಗಿದ್ದವು.

"ನಿಮ್ಮ ಉಪಕಾರ ಈ ಜನ್ಮದಲ್ಲಿ ತೀರಲ್ಲ ಧರ್ಮೇಂದ್ರ. ಇವತ್ತು ಹೋಗಿದ್ದು ವರ್ಗಾವಣೆ ಕೌನ್ಸೆಲಿಂಗಿಗೆ. ರವೀಂದ್ರ ಅಂತ, ಉಡುಪಿ ಕಡೆ ಮೇಷ್ಟ್ರು, ಮೂರು ವರ್ಷದಿಂದ ನಂಗೋಸ್ಕರ ಕಾಯ್ತಿದಾರೆ. ಈ ವಯಸ್ಸಲ್ಲಿ ಇವನನ್ನ ಘಾಟಿ ಇಳಿಸಿ ಕರ್ಕೊಂಡು ಹೋಗಬೇಡಿ ಅಂದ್ರು ಡಾಕ್ಟರು. ಬಿಟ್ಟು ಹೋದ್ರೆ ಯಾರ ಕೈಲೂ ತಿನ್ನಲ್ಲ. ಎರಡು ಸಲ ಬೇಡ ಅಂದಿದ್ದೆ. ಇವತ್ತೂ ಬೇಡ ಅನ್ನೋಕೇ ಹೋಗಿದ್ದೆ. ನನ್ನ ಹೆಸರು ಕೂಗಿದ್ರು, ಅದೇ ಹೊತ್ತಿಗೆ ನಿಮ್ಮ ಫೋಟೊ ಬಂತು. ನಿಶ್ಚಿಂತೆಯಿಂದ ಇರಿ ಅಂದ್ರಲ್ಲ... ಉಡುಪಿ ಅಂದ್ಬಿಟ್ಟೆ."

ಕಾಂಪೌಂಡಿನ ಮೇಲಿಂದ ಮುದ್ದಮ್ಮ ಪಿಸುಗುಟ್ಟಿದಳು: "ಉಡ್ಪೀಲಿ ಮೀಟ್ರಿಲ್ವೇನ್ಲಾ, ಓದಕ್ಕೆ?"

"ಆದ್ರೂ ಭಯ" ಎಂದಳು ಪ್ರತಿಭಾ. "ಮಧ್ಯಾಹ್ನ ಹಸಿವಿಗೆ ತಿಂದಿರಬಹುದು. ನಾನು ಎದುರಿಗಿದ್ದಾಗಲೂ ನಿಮ್ಮ ಕೈಲಿ ತಿಂದ್ರೆ ಸರಿ. ಇಲ್ಲದಿದ್ರೆ ನಾಳೆ ಬೆಳಿಗ್ಗೆ ಬೇಡ ಅಂತ ಬರೆದು ಕೊಡ್ತೀನಿ. ಫೋಟೊದಲ್ಲಿ ಇದ್ದಿದ್ದು ಅರ್ಧ ಬಟ್ಟಲು, ಇನ್ನೂ ಅರ್ಧ ಬಾಕಿ ಇದೆ ಅಲ್ವಾ?"

ಬಾಕಿ ಇತ್ತು. ಪ್ಯಾಕೆಟ್ಟು ಅವನ ಕೈಯಲ್ಲೇ ಇತ್ತು. ಹಾಗೇ ಒಣದಾಗಿ ನೀಡಿದರೆ ಸಾಕು, ದೊರೆ ಮುಖ ತಿರುಗಿಸುತ್ತಿತ್ತು. ಪ್ರತಿಭಾ ಮೇಡಂ ಚನ್ನರಾಯಪಟ್ಟಣದಲ್ಲೇ ಉಳಿಯುತ್ತಿದ್ದಳು. ತಿಂಗಳಿಗೆ ಎರಡು ಸಲ ಮೀಟರು, ಗೇಟಿನ ಬಳಿ ಎರಡು ಮಾತು. ಧರ್ಮೇಂದ್ರ ಒಂದು ಕಾಳನ್ನು ಬೆರಳ ನಡುವೆ ಹಿಡಿದು ನೋಡಿದ. ಮೇಡಂ ಎರಡು ಕೈಯನ್ನೂ ಎದೆಗೆ ಒತ್ತಿಕೊಂಡು ನಿಂತಿದ್ದಳು, ದೊರೆ ಬಸ್ಸಿನ ಬಾಗಿಲು ನೋಡುತ್ತಿದ್ದ ಹಾಗೆ.

"ಸ್ವಲ್ಪ ಬಿಸ್ನೀರು ಕಾಯ್ಸಿ ಮೇಡಂ" ಎಂದ. "ಉಗುರು ಬೆಚ್ಗಿರ್ಲಿ."

ಕಾಳು ಕಾಲು ಗಂಟೆ ನೆನೆಯಿತು. ಆಮೇಲೆ ಧರ್ಮೇಂದ್ರ ಕೈ ತೊಳೆದುಕೊಂಡು ಬಂದು, ಒಂದು ಗಂಟೂ ಉಳಿಯದ ಹಾಗೆ ಕಿವುಚಿದ. ಬಟ್ಟಲನ್ನು ಮೊಣಕಾಲ ಮೇಲಿಟ್ಟುಕೊಂಡ. ದೊರೆ ಒಂದು ಸಲ ಅವಳನ್ನು ನೋಡಿತು, ಒಂದು ಸಲ ಇವನನ್ನು. ಬಂದು ಇವನ ಅಂಗೈಗೆ ಬಾಯಿ ಹಾಕಿತು. ಒಂದು ತುತ್ತು, ಎರಡು ತುತ್ತು. ಬೆರಳ ಸಂದಿಯದನ್ನೂ ಬಿಡದೆ ನೆಕ್ಕಿತು. ತಳಕ್ಕೆ ಅಂಟಿದ ಕೊನೆಯ ಚೂರನ್ನು ಧರ್ಮೇಂದ್ರ ಬೆರಳಿನಿಂದ ಬಳಿದು ತಿನ್ನಿಸಿ, ಬಟ್ಟಲನ್ನು ಅವಳ ಕಡೆಗೆ ತಿರುಗಿಸಿ ತೋರಿಸಿದ.

ಖಾಲಿಯಾಗಿತ್ತು.